ಆನ್‌ಲೈನ್ ಮ್ಯಾನೇಜರ್‌ಗೆ ಪಾಸ್‌ವರ್ಡ್ ಕೊಡಬಹುದೇ?

ಪ್ರಶ್ನೆ: ನಮ್ಮದು ಇಳಕಲ್ ಕೈಮಗ್ಗದ ಸೀರೆ ವ್ಯಾಪಾರ. ಆರ್ಡರ್, ಫೋಟೊ, ಕೊರಿಯರ್ ಎಲ್ಲವನ್ನೂ ಬೆಂಗಳೂರಿನ ಒಬ್ಬರು ಮನೆಯಿಂದಲೇ ನೋಡಿಕೊಳ್ಳಲು ಒಪ್ಪಿದ್ದಾರೆ. ಕೆಲಸದಲ್ಲಿ ಬಲು ಚುರುಕು. ಆದರೆ ಗೂಗಲ್, ಫೇಸ್‌ಬುಕ್ ಪಾಸ್‌ವರ್ಡ್ ಕೇಳುತ್ತಿದ್ದಾರೆ. ಕೊಡಲೇ?

ಉತ್ತರ 1: ಬೇಡವೇ ಬೇಡ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ (ಗೂಗಲ್‌ನಲ್ಲಿ ನಿಮ್ಮ ವ್ಯಾಪಾರದ ವಿವರ ಕಾಣುವ ಪುಟ) ನೀವು ಮಾಲೀಕರಾಗಿಯೇ ಉಳಿದು, ಅವರನ್ನು ಮ್ಯಾನೇಜರ್ ಎಂದು ಸೇರಿಸಿ. ಆಗ ಅವರು ಫೋಟೊ ಹಾಕಬಹುದು, ವಿಮರ್ಶೆಗಳಿಗೆ ಉತ್ತರಿಸಬಹುದು. ಪ್ರೊಫೈಲ್ ಅಳಿಸಲು, ಬೇರೆಯವರನ್ನು ಸೇರಿಸಲು ಆಗದು. ಓಟಿಪಿ ಬರುವ ಸಿಮ್ ನಿಮ್ಮ ಬಳಿಯೇ ಇರಲಿ.

ಉತ್ತರ 2: ಅಣ್ಣಾ, ನಾನು ಗುಳೇದಗುಡ್ಡದ ಖಣ (ರವಿಕೆ ಬಟ್ಟೆ) ಮಾರುವವಳು. ಪಾಸ್‌ವರ್ಡ್‌ಗಿಂತ ದೊಡ್ಡ ಮಾತು ಬೇರೆ ಇದೆ. ಅವರನ್ನು ಒಮ್ಮೆ ಮಗ್ಗದ ಪಕ್ಕ ಕೂರಿಸಿ. ಸೀರೆಯ ಒಡಲಿನ ಹತ್ತಿ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕುವುದನ್ನು ಕಣ್ಣಾರೆ ಕಾಣಲಿ. ಅದನ್ನು ನೋಡದವರು, ಗ್ರಾಹಕರು ‘ಇಷ್ಟೊಂದು ಬೆಲೆಯೇ’ ಎಂದ ಕೂಡಲೇ ರಿಯಾಯಿತಿ ಕೊಟ್ಟುಬಿಡುತ್ತಾರೆ. ಕತ್ತರಿ ಬೀಳುವುದು ನೇಕಾರರ ಕೂಲಿಗೆ! ನನಗೆ ಅದು ಸಹಿಸಲಾಗದ ಸಂಗತಿ.

ಪ್ರಶ್ನೆ ಕೇಳಿದವರು: ನಿಜ ತಂಗೀ. ಬಸ್ ಖರ್ಚು ಕೊಟ್ಟು ಕರೆಸುತ್ತೇನೆ. ನನ್ನನ್ನು ಕೇಳದೆ ಬೆಲೆ ಇಳಿಸಬಾರದೆಂದು ಒಪ್ಪಂದದಲ್ಲೇ ಬರೆಸುತ್ತೇನೆ.