ಅರಮನೆಯ ಚಿತ್ರದಲ್ಲಿ ಬಲ್ಬುಗಳ ಸುತ್ತ ಚೌಕಗಳು: ‘ಲಾರ್ಜ್’ ಇಟ್ಟಿದ್ದರೂ ಹೀಗೇಕೆ?

ಪ್ರಶ್ನೆ (ಮೈಸೂರಿನಿಂದ):
ಕಳೆದ ಭಾನುವಾರ ಸಂಜೆ ಅರಮನೆಯ ದೀಪಾಲಂಕಾರವನ್ನು ಟ್ರೈಪಾಡ್ ಬಳಸಿ, ಐಎಸ್‌ಒ 100ರಲ್ಲಿ ತೆಗೆದೆ. ಕ್ಯಾಮೆರಾದಲ್ಲಿ ಚಿತ್ರದ ಅಳತೆಯನ್ನು ‘ಲಾರ್ಜ್’ ಎಂದು ಇಟ್ಟಿದ್ದೆ; 6000×4000 ಪಿಕ್ಸೆಲ್ ಎಂದೇ ಇದೆ. ಆದರೂ ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ ಗುಮ್ಮಟದ ಅಂಚಿನ ಬಲ್ಬುಗಳ ಸುತ್ತ ಪುಟ್ಟ ಚೌಕಗಳು ಕಾಣುತ್ತವೆ. ಆಕಾಶದ ನೀಲಿಯು ನಯವಾಗಿ ಕಪ್ಪಾಗುವ ಬದಲು ಪಟ್ಟೆಪಟ್ಟೆಯಾಗಿದೆ. ಫೈಲು 4 ಎಂಬಿಯಷ್ಟೇ ಇದೆ. ಅಂಗಡಿಯವರು ಲೆನ್ಸ್ ಬದಲಿಸಲು ಹೇಳುತ್ತಿದ್ದಾರೆ.

ಉತ್ತರ (ಮಂಡ್ಯದಿಂದ):
ಲೆನ್ಸಿಗೆ ಈಗಲೇ ದುಡ್ಡು ಹಾಕಬೇಡಿ ಸರ್. ‘ಲಾರ್ಜ್’ ಎಂಬುದು ಪಿಕ್ಸೆಲ್‌ಗಳ ಲೆಕ್ಕ ಮಾತ್ರ. ಫೈಲನ್ನು ಎಷ್ಟು ಹಿಂಡಬೇಕೆಂಬುದನ್ನು ಹೇಳುವ ಫೈನ್, ನಾರ್ಮಲ್, ಬೇಸಿಕ್ ಎಂಬ ಆಯ್ಕೆ ಮೆನುವಿನಲ್ಲಿ ಬೇರೆಯೇ ಇರುತ್ತದೆ. 24 ಮೆಗಾಪಿಕ್ಸೆಲ್ ಚಿತ್ರ 4 ಎಂಬಿಗೆ ಇಳಿದಿದೆಯೆಂದರೆ ಅದು ಅತಿ ಹೆಚ್ಚು ಹಿಂಡುವ ಬೇಸಿಕ್‌ನಲ್ಲಿರಬೇಕೆಂದು ನನ್ನ ಅನುಮಾನ. ಕ್ಯಾಮೆರಾ ಫೈಲನ್ನು ಹಿಂಡಲು ಬಳಸುವ ಜೆಪೆಗ್ ವಿಧಾನವು ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿನಲ್ಲಿಯೂ ಕಣ್ಣಿಗೆ ಅಷ್ಟಾಗಿ ತಿಳಿಯದ ಸೂಕ್ಷ್ಮಗಳನ್ನು ಕೈಬಿಡುತ್ತದೆ. ಹಸಿರು ಗದ್ದೆಯ ಚಿತ್ರದಲ್ಲಿ ಈ ಮೋಸ ಸುಲಭವಾಗಿ ನಡೆದುಹೋಗುತ್ತದೆ. ಕತ್ತಲೆಯ ಪಕ್ಕದಲ್ಲೇ ಉರಿಯುವ ಬಲ್ಬಿನ ಅಂಚಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಅರಮನೆಯಲ್ಲಿ ಅಂಥ ಬಲ್ಬುಗಳು ಲಕ್ಷದ ಆಸುಪಾಸಿನಲ್ಲಿವೆ!

ಪ್ರಶ್ನೆ ಕೇಳಿದವರು:
ನೋಡಿದೆ, ಬೇಸಿಕ್ ಎಂದೇ ಇತ್ತು. ದಸರಾ ಮೆರವಣಿಗೆಯ ದಿನ ಕಾರ್ಡ್ ತುಂಬಿತೆಂದು ನಾನೇ ಇಳಿಸಿ ಮರೆತಿದ್ದೇನೆ. ಈಗಿರುವ ಚಿತ್ರಗಳನ್ನು ವಿವರ ಕಳೆಯದ ಫೈಲು ಬಗೆಯಾದ ಟಿಫ್‌ಗೆ ಬದಲಾಯಿಸಿದರೆ ಸರಿಹೋಗುವುದೇ? ಇನ್ನು ಮುಂದೆ ಎಲ್ಲವನ್ನೂ ರಾದಲ್ಲೇ (ಸೆನ್ಸರ್ ಕಂಡ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ಫೈಲು) ತೆಗೆಯಲೇ?

ಉತ್ತರ (ಮಂಡ್ಯದಿಂದ):
ಟಿಫ್ ಮಾಡಿದರೆ ಫೈಲು ದಪ್ಪವಾಗುತ್ತದೆಯೇ ಹೊರತು, ಹೋದ ವಿವರ ಮರಳುವುದಿಲ್ಲ. ಅರಮನೆಗೆ ರಾ ಇಡಿ: ಜೆಪೆಗ್‌ನ ಪ್ರತಿ ಬಣ್ಣಕ್ಕೆ 256 ಮಟ್ಟಗಳಾದರೆ, 14 ಬಿಟ್ ರಾದಲ್ಲಿ 16,384 ಇರುವುದರಿಂದ ಆಕಾಶದ ಪಟ್ಟೆಗಳು ಬಹುಮಟ್ಟಿಗೆ ತಪ್ಪುತ್ತವೆ, ಬಲ್ಬುಗಳ ಹಳದಿ ಅತಿಯಾದರೆ ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಮನೆಯಲ್ಲಿ ಕೂತು ತಿದ್ದಬಹುದು. ಆದರೆ ರಾ ತೆಗೆದಾಗಲೂ ಕ್ಯಾಮೆರಾದ ಹಿಂಬದಿಯ ಪರದೆ ತೋರಿಸುವುದು ಅದರೊಳಗೆ ಅಡಗಿಸಿದ ಜೆಪೆಗ್ ಪ್ರತಿಯನ್ನೇ. ಅದನ್ನು ನೋಡಿ ಬೆಳಕು ಕೆಟ್ಟಿತೆಂದು ಗಾಬರಿಯಾಗಬೇಡಿ.

ಎಲ್ಲಕ್ಕೂ ರಾ ಎಂಬ ಹಟವನ್ನು ನಾನು ಒಪ್ಪುವುದಿಲ್ಲ. ರಂಗನತಿಟ್ಟಿನಲ್ಲಿ ಕೊಕ್ಕರೆ ರೆಕ್ಕೆ ಬಿಚ್ಚಿದಾಗ ಬಟನ್ ಒತ್ತಿಹಿಡಿದರೆ, ರಾ ಫೈಲುಗಳಿಂದ ಕ್ಯಾಮೆರಾದ ಬಫರ್ (ಚಿತ್ರಗಳು ಕಾರ್ಡಿಗೆ ಹೋಗುವ ಮುನ್ನ ತಂಗುವ ಜಾಗ) ಬೇಗ ತುಂಬಿ, ಹಕ್ಕಿ ಹಾರುವ ಗಳಿಗೆಗೆ ಸರಿಯಾಗಿ ಕ್ಯಾಮೆರಾ ಕೈಕೊಟ್ಟದ್ದನ್ನು ದೋಣಿಯಲ್ಲಿ ಕೂತು ಅನುಭವಿಸಿದ್ದೇನೆ. ಅಲ್ಲಿಗೆ ಲಾರ್ಜ್, ಫೈನ್ ಜೆಪೆಗ್ ಸಾಕು.