925 ಅಂತ ಇದ್ದರೆ ಸಾಕಾ? ಆ ಮುದ್ರೆ ಒತ್ತಿದವರು ಯಾರು ಅಂತ ನೋಡಿ

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಅಕ್ಕ ಗ್ರೂಪಿನಲ್ಲಿ ಕೇಳಿದ್ದು ಈಗ ನೋಡಿದೆ. ಹೊಸ ಬೆಳ್ಳಿ ಉಂಗುರದ ಒಳಗೆ 925 ಅಂತ ಇದೆ, ಮಾರಿದವರು ಅದನ್ನೇ ತೋರಿಸಿ ಹಾಲ್‌ಮಾರ್ಕ್ ಅಂದರು, ಹಾಗಾದರೆ ಅಸಲಿನೇ ಅಲ್ವಾ ಅಂತ ಪ್ರಶ್ನೆ. ಕೆಳಗೆ ಒಬ್ಬರು ಮ್ಯಾಗ್ನೆಟ್ ಹಿಡಿದು ನೋಡಿದರೆ ಸಾಕು ಅಂದಿದ್ದೀರಿ. ಇನ್ನೊಬ್ಬರು ಕಪ್ಪಾದರೆ ನಕಲಿ ಅಂದಿದ್ದೀರಿ. ವಾಯ್ಸ್ ಮೆಸೇಜ್ ಕಳಿಸೋಣ ಅಂದುಕೊಂಡೆ. ಆದರೆ ಅಂಕಿಗಳು ಜಾಸ್ತಿ ಇವೆ, ಕೇಳಿದರೆ ನೆನಪಿರುವುದಿಲ್ಲ. ಅದಕ್ಕೇ ಮಾತಾಡುವ ಹಾಗೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಬಿಡುವಾದಾಗ ಓದಿ.

ಅಕ್ಕ, ಮೊದಲು ನೇರ ಉತ್ತರ. ಬರೀ 925 ಇದ್ದರೆ ಅದು ಹಾಲ್‌ಮಾರ್ಕ್ ಅಲ್ಲ. ಅದು ಶುದ್ಧತೆಯ ಅಂಕಿ ಅಷ್ಟೇ. ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ, ಉಳಿದ 75 ಪಾಲು ಬೇರೆ ಲೋಹ, ಹೆಚ್ಚಾಗಿ ತಾಮ್ರ. ಅಚ್ಚ ಬೆಳ್ಳಿ ತುಂಬಾ ಮೆದು, ಒಡವೆ ಮಾಡಿದರೆ ಬೇಗ ಬಾಗುತ್ತದೆ, ಸವೆಯುತ್ತದೆ. ಗಟ್ಟಿಯಾಗಲಿ ಅಂತ ತಾಮ್ರ ಸೇರಿಸುತ್ತಾರೆ. ಈ 925ರ ಬೆಳ್ಳಿಗೇ ಸ್ಟರ್ಲಿಂಗ್ ಅನ್ನುವುದು. ಅದರಲ್ಲಿ ಮೋಸ ಏನೂ ಇಲ್ಲ. 800, 835, 958, 999 ಅಂತೆಲ್ಲ ಕಾಣುವುದೂ ಇದೇ ಲೆಕ್ಕ.

ಆದರೆ 925 ಅನ್ನುವ ಅಚ್ಚನ್ನು ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು. ಹಿತ್ತಾಳೆಯ ಮೇಲೂ ಒತ್ತಬಹುದು. ಅದು ಮಾಡಿದವರ ಮಾತು. ಹಾಲ್‌ಮಾರ್ಕ್ ಅಂದರೆ ಒಡವೆ ಮಾಡಿದವರೂ ಅಲ್ಲದ, ಮಾರುವವರೂ ಅಲ್ಲದ ಮೂರನೆಯವರು ಪರೀಕ್ಷೆ ಮಾಡಿ ನೋಡಿ, ಹೌದು ಇಷ್ಟಿದೆ ಅಂತ ಒತ್ತುವ ಮುದ್ರೆ. ಸುಳ್ಳಾದರೆ ಯಾರನ್ನು ಕೇಳಬೇಕು ಅನ್ನುವುದು ಆ ಮುದ್ರೆಯಲ್ಲೇ ಇರುತ್ತದೆ. ನನಗೆ ಇಡೀ ವಿಷಯದಲ್ಲಿ ಮುಖ್ಯ ಅನಿಸುವುದು ಇದೊಂದೇ.

ನಾನು ಇದನ್ನು ಕಲಿತದ್ದು ಒಂದು ಸರದಿಂದ. ಆಸೆಪಟ್ಟು ಕೊಂಡ ಸರ ಅದು. ಕೊಂಡಿಯ ಮೇಲೆ 925 ಅಂತ ಎಷ್ಟು ಚೆಂದ ಒತ್ತಿತ್ತು ಅಂದರೆ, ಅದನ್ನು ನೋಡಿದ ಮೇಲೆ ಬೇರೆ ಏನೂ ಕೇಳಬೇಕು ಅನಿಸಲಿಲ್ಲ. ನಾಲ್ಕೈದು ತಿಂಗಳಾದ ಮೇಲೆ ಕುತ್ತಿಗೆಗೆ ಉಜ್ಜುವ ಜಾಗದಲ್ಲಿ ಎಳೆಗಳು ಹಳದಿಯಾಗತೊಡಗಿದವು. ಬೆಳ್ಳಿ ಕಪ್ಪಾಗುವುದು ಗೊತ್ತಿತ್ತು. ಹಳದಿ ಯಾಕೆ? ಮನೆಯಲ್ಲಿದ್ದ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ, 31 ಗ್ರಾಂ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದೆ. ಸರವನ್ನು ದಾರಕ್ಕೆ ಕಟ್ಟಿ, ತಳಕ್ಕೆ ತಾಗದ ಹಾಗೆ ನೀರಿನೊಳಗೆ ಇಳಿಬಿಟ್ಟೆ. ಎಳೆಗಳ ಸಂದಿಯಲ್ಲಿ ಗಾಳಿಗುಳ್ಳೆ ನಿಲ್ಲುತ್ತವೆ, ಒಂದೆರಡು ಸಲ ಅಲ್ಲಾಡಿಸಿ ಬಿಡಿಸಬೇಕು. ಆಗ ತಕ್ಕಡಿ ತೋರಿಸುವುದು ಸರ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಂದು ಗ್ರಾಂ ನೀರು ಅಂದರೆ ಒಂದು ಘನ ಸೆಂಟಿಮೀಟರ್ ಜಾಗ. 925 ಬೆಳ್ಳಿ ಒಂದು ಘನ ಸೆಂಟಿಮೀಟರಿಗೆ ಸುಮಾರು 10.36 ಗ್ರಾಂ ತೂಗುತ್ತದೆ. ಹಾಗಾದರೆ 31 ಗ್ರಾಂ ಸರಕ್ಕೆ 3ರ ಹತ್ತಿರ ಬರಬೇಕಿತ್ತು. ಬಂದದ್ದು 3.65. ಭಾಗಿಸಿದರೆ ಎಂಟೂವರೆ. ಅದು ಹಿತ್ತಾಳೆಯ ತೂಕ.

ನಂಬಿಕೆ ಬರಲಿಲ್ಲ, ಮೂರು ಸಲ ಮಾಡಿದೆ. ಕೊನೆಗೆ ಪರೀಕ್ಷೆ ಮಾಡುವವರ ಹತ್ತಿರ ಹೋದೆ. ಅವರು ಒಂದು ಎಳೆಯ ಮೇಲೆ ಅರದಿಂದ ಎರಡು ಗೀರು ಹಾಕಿದರು. ಬೆಳ್ಳಗಿನ ಪದರದ ಕೆಳಗೆ ಹಳದಿ ಲೋಹ ಹೊಳೆಯಿತು. ಆಮೇಲೆ ಕೊಂಡಿಯನ್ನು ನೋಡಿದರು. ಕೊಂಡಿ ಮಾತ್ರ ಅಪ್ಪಟ 925! ಅಂದರೆ ಆ ಅಂಕಿ ಸುಳ್ಳು ಹೇಳಿರಲಿಲ್ಲ, ಕೊಂಡಿಯ ಬಗ್ಗೆ ಮಾತ್ರ ಹೇಳಿತ್ತು. ಮಾರಿದವರನ್ನು ಕೇಳಿದಾಗ ಬಿಲ್ ತೋರಿಸಿ ಅಂದರು. ಬಿಲ್‌ನಲ್ಲಿ ಬರೀ ಸರ ಅಂತ ಇತ್ತು, ಬೆಳ್ಳಿ ಅನ್ನುವ ಪದವೇ ಇರಲಿಲ್ಲ. ತುಂಬಾ ಬೇಜಾರಾಯಿತು. ಅವತ್ತಿನಿಂದ ಸರ ನೋಡಿದರೆ ಕೊಂಡಿ ಒಂದು ಕಡೆ, ಎಳೆ ಇನ್ನೊಂದು ಕಡೆ ಅಂತ ಬೇರೆಬೇರೆಯಾಗಿಯೇ ನೋಡುತ್ತೇನೆ. ಓಲೆಯ ತಿರುಪು, ಪೆಂಡೆಂಟನ್ನು ಸರಕ್ಕೆ ತೂಗುಹಾಕುವ ಕೊಂಡಿ, ಇವನ್ನೂ ಹಾಗೇ ನೋಡಿ. ಬಿಚ್ಚಿ ತೆಗೆಯಬಹುದಾದ ಭಾಗದ ಮೇಲೆ ಮಾತ್ರ ಮುದ್ರೆ ಇದ್ದರೆ ಉಳಿದದ್ದರ ಬಗ್ಗೆ ಕೇಳಲೇಬೇಕು.

ಹಾಲ್‌ಮಾರ್ಕ್ ಅನ್ನುವ ಹೆಸರು ಎಲ್ಲಿಂದ ಬಂತು ಅಂತ ಒಂದು ಮಾತು ಹೇಳುತ್ತೇನೆ, ನನಗೆ ಅದು ತುಂಬಾ ಇಷ್ಟ. 1300ರಲ್ಲಿ ಇಂಗ್ಲೆಂಡಿನ ರಾಜ ಒಂದನೆಯ ಎಡ್ವರ್ಡ್ ಕಾನೂನು ತಂದ. ಬೆಳ್ಳಿ ಸಾಮಾನು ಶುದ್ಧತೆಯಲ್ಲಿ ನಾಣ್ಯದ ಬೆಳ್ಳಿಗಿಂತ ಕಡಿಮೆ ಇರಬಾರದು, ಪರೀಕ್ಷೆಯಾದ ಮೇಲೆ ಚಿರತೆಯ ತಲೆಯ ಗುರುತು ಒತ್ತಬೇಕು ಅಂತ. 1363ರಲ್ಲಿ ಮಾಡಿದವರ ಸ್ವಂತ ಗುರುತೂ ಇರಬೇಕು ಅಂತಾಯಿತು. 1478ರಿಂದ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್‌ಗೆ, ಅಂದರೆ ಅಕ್ಕಸಾಲಿಗರ ಸಂಘದ ಮನೆಗೆ, ಸಾಮಾನು ತಂದು ಮುದ್ರೆ ಹಾಕಿಸಿಕೊಳ್ಳಬೇಕಾಯಿತು. ಹಾಲ್‌ನಲ್ಲಿ ಒತ್ತಿದ ಮಾರ್ಕ್, ಹಾಲ್‌ಮಾರ್ಕ್. ಅದೇ ವರ್ಷ ಇನ್ನೊಂದು ಗುರುತು ಸೇರಿತು, ವರ್ಷಕ್ಕೊಂದು ಅಕ್ಷರ. ಈಗ ಜನ ಅದನ್ನು ನೋಡಿ ವಸ್ತು ಎಷ್ಟು ಹಳೆಯದು ಅಂತ ಲೆಕ್ಕ ಹಾಕುತ್ತಾರೆ. ಆದರೆ ಅದನ್ನು ತಂದ ಕಾರಣ ಬೇರೆ. ಬೆಳ್ಳಿ ಕಡಿಮೆ ಅಂತ ಮುಂದೆ ಗೊತ್ತಾದರೆ, ಆ ವರ್ಷ ಪರೀಕ್ಷೆ ಮಾಡಿದವರು ಯಾರು ಅಂತ ಹುಡುಕಿ ಹಿಡಿಯುವುದಕ್ಕೆ! ಮಾಡಿದವರನ್ನಲ್ಲ, ಪರೀಕ್ಷೆ ಮಾಡಿದವರನ್ನೇ ಹೊಣೆ ಮಾಡಿದರು.

ಇಂಗ್ಲೆಂಡಿನಲ್ಲಿ 1544ರಿಂದ ಸ್ಟರ್ಲಿಂಗ್ ಬೆಳ್ಳಿಗೆ ನಡೆಯುವ ಸಿಂಹದ ಗುರುತು ಇದೆ, ಒಂದು ಮುಂಗಾಲು ಎತ್ತಿಕೊಂಡಿರುತ್ತದೆ. ಜೊತೆಗೆ ಪರೀಕ್ಷೆ ಮಾಡಿದ ಊರಿನ ಗುರುತು. ಲಂಡನ್ನಿಗೆ ಚಿರತೆ, ಬರ್ಮಿಂಗ್‌ಹ್ಯಾಮಿಗೆ ಲಂಗರು, ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಕೋಟೆ. ಫ್ರಾನ್ಸಿನಲ್ಲಿ 1838ರಿಂದ ಮಿನರ್ವ ದೇವತೆಯ ತಲೆ. ಹಲವು ದೇಶಗಳು 1972ರ ಒಂದು ಒಪ್ಪಂದದಂತೆ ಸಮಾನ ಮುದ್ರೆ ಒಪ್ಪಿಕೊಂಡಿವೆ, ಅದರಲ್ಲಿ ತಕ್ಕಡಿಯ ಚಿತ್ರ ಇರುತ್ತದೆ, ಅದರೊಳಗೆ ಅಂಕಿ. ಭಾರತದಲ್ಲಿ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಗುರುತು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಯದೇ ಆದ ಗುರುತಿನ ಸಂಖ್ಯೆ ಬಂದಿದೆ, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ಬೆಳ್ಳಿಗೆ ಇದು ಕಡ್ಡಾಯ ಮಾಡದೆ ಶುರುಮಾಡಿದ್ದು. ಹಾಗಾಗಿ ಗುರುತು ಇಲ್ಲದ ಬೆಳ್ಳಿಯೆಲ್ಲ ಸುಳ್ಳು ಅಂತಲ್ಲ. ಅಮೆರಿಕದಲ್ಲಿ ಹೀಗೆ ಸರ್ಕಾರ ಪರೀಕ್ಷೆ ಮಾಡಿ ಒತ್ತುವ ಪದ್ಧತಿಯೇ ಇಲ್ಲ. ಅಲ್ಲಿ ಅಂಕಿ ಒತ್ತಿದವರು ತಮ್ಮ ಟ್ರೇಡ್‌ಮಾರ್ಕನ್ನೂ ಪಕ್ಕದಲ್ಲಿ ಒತ್ತಬೇಕು ಅಂತ 1961ರಿಂದ ಕಾನೂನು. ಯಾರು ಹೇಳಿದ್ದು ಅಂತ ಅಲ್ಲೂ ಕೇಳುತ್ತಾರೆ, ನೋಡಿ.

ಈಗ ನೋಡುವುದು ಹೇಗೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಒಂದಿದ್ದರೆ ಸಾಕು. ಫೋನಿನ ಕ್ಯಾಮೆರಾ ಝೂಮ್ ಕೂಡ ಅರ್ಧ ಕೆಲಸ ಮಾಡುತ್ತದೆ. ಬೆಳಕು ನೇರವಾಗಿ ಬೀಳಬಾರದು, ಪಕ್ಕದಿಂದ ಓರೆಯಾಗಿ ಬೀಳಬೇಕು. ಉಳಿಯಂಥ ಅಚ್ಚಿನಿಂದ ಹೊಡೆದ ಮುದ್ರೆಯಾದರೆ ಲೋಹ ಒಳಕ್ಕೆ ಒತ್ತಿ ಹೋಗಿರುತ್ತದೆ, ಅಂಚು ಚೂಪಾಗಿರುತ್ತದೆ. ತೆಳು ತಗಡಾದರೆ ಹಿಂಬದಿಯಲ್ಲಿ ಸಣ್ಣ ಉಬ್ಬು ಬೆರಳಿಗೆ ಸಿಗುತ್ತದೆ. ಲೇಸರಿನದಾದರೆ ಚಪ್ಪಟೆಯಾಗಿ, ಗೆರೆ ಸ್ವಲ್ಪ ಕಪ್ಪಾಗಿ ಇರುತ್ತದೆ. ಅದೂ ಸರಿಯಾದದ್ದೇ, ಈಗ ತುಂಬಾ ಕಡೆ ಲೇಸರ್ ಬಳಸುತ್ತಾರೆ. ಅನುಮಾನ ಪಡಬೇಕಾದದ್ದು ಎರಕದ ಜೊತೆಗೇ ಬಂದ ಮುದ್ರೆಗೆ. ಅಸಲಿ ಒಡವೆಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ಮುದ್ರೆಯೂ ನಕಲಾಗಿ ಬರುತ್ತದೆ. ಆದರೆ ಅಂಚು ಮೊಂಡಾಗಿರುತ್ತದೆ, ಒಳಗೆ ಸೂಜಿಮೊನೆಯಷ್ಟು ಸಣ್ಣ ಗುಳಿಗಳಿರುತ್ತವೆ. ಎರಡು ಹಳೆಯ ಉಂಗುರಗಳಲ್ಲಿ ಮುದ್ರೆ ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ, ಒಂದೇ ರೀತಿ ಸವೆದಿದ್ದರೆ ಬೇಡ ಅಂತ ಬಿಟ್ಟುಬಿಡಿ.

ಇನ್ನೊಂದು ಮೋಸ ಇದೆ, ಮುದ್ರೆ ಅಸಲಿ, ವಸ್ತು ಬೇರೆ. 1720ರಲ್ಲಿ ಬ್ರಿಟನ್ನಿನಲ್ಲಿ ಬೆಳ್ಳಿ ಸಾಮಾನಿಗೆ ತೂಕದ ಮೇಲೆ ತೆರಿಗೆ ಬಂತು. ಕೆಲವರು ಸಣ್ಣದೊಂದು ವಸ್ತುವಿಗೆ ಮುದ್ರೆ ಹಾಕಿಸಿ, ಆ ತುಂಡನ್ನು ಕತ್ತರಿಸಿ ದೊಡ್ಡ ಪಾತ್ರೆಗೆ ಬೆಸೆದುಬಿಟ್ಟರು. ಇದನ್ನು ಕಂಡುಹಿಡಿಯಲು ಹಳೆ ಬೆಳ್ಳಿ ನೋಡುವವರು ಇವತ್ತಿಗೂ ಮಾಡುವುದು ಒಂದು ಸುಲಭದ ಕೆಲಸ. ಮುದ್ರೆಯ ಮೇಲೆ ಬಾಯಿಂದ ಹಾ ಅಂತ ಬಿಸಿಯುಸಿರು ಬಿಡುವುದು. ಮಂಜು ಕವಿದ ಆ ಎರಡು ಕ್ಷಣದಲ್ಲಿ, ಸುತ್ತ ಬೆಸುಗೆ ಇದ್ದರೆ ಗೆರೆ ಕಾಣಿಸುತ್ತದೆ.

ಮುದ್ರೆ ಇಲ್ಲದಿದ್ದರೆ ನಕಲಿ ಅಂತ ದುಡುಕಬೇಡಿ. ಉಂಗುರದ ಅಳತೆ ದೊಡ್ಡದು ಚಿಕ್ಕದು ಮಾಡಿಸುವಾಗ ಮುದ್ರೆ ಇದ್ದ ಜಾಗವನ್ನೇ ಕತ್ತರಿಸಿರಬಹುದು. ಎಷ್ಟೋ ವರ್ಷ ಉಜ್ಜಿ ಉಜ್ಜಿ ಅಳಿಸಿಹೋಗಿರಬಹುದು. ತೀರಾ ಹಗುರದ ವಸ್ತುಗಳಿಗೆ ವಿನಾಯಿತಿಯೂ ಇರುತ್ತದೆ, ಬ್ರಿಟನ್ನಿನಲ್ಲಿ 7.78 ಗ್ರಾಂಗಿಂತ ಕಡಿಮೆ ತೂಕದ ಬೆಳ್ಳಿಗೆ ಮುದ್ರೆ ಬೇಕಿಲ್ಲ.

ಹೆಸರುಗಳ ಬಗ್ಗೆಯೂ ಹುಷಾರು. ಜರ್ಮನ್ ಸಿಲ್ವರ್, ನಿಕಲ್ ಸಿಲ್ವರ್, ಅಲ್ಪಾಕಾ, ಇವುಗಳಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ತಾಮ್ರ, ನಿಕಲ್, ಸತು ಸೇರಿದ ಬಿಳಿ ಲೋಹ. ಇಪಿಎನ್‌ಎಸ್ ಅಂತ ಇದ್ದರೆ ಅದೇ ಲೋಹದ ಮೇಲೆ ಬೆಳ್ಳಿಯ ತೆಳು ಲೇಪ. ಆ ಅಕ್ಷರಗಳನ್ನು ಒಂದೊಂದು ಪುಟ್ಟ ಚೌಕದೊಳಗೆ ಸಾಲಾಗಿ ಒತ್ತಿರುತ್ತಾರೆ, ಥೇಟ್ ಹಾಲ್‌ಮಾರ್ಕ್ ಹಾಗೇ ಕಾಣುತ್ತದೆ. ಅವಸರದಲ್ಲಿ ನೋಡಿದರೆ ಖಂಡಿತ ಮೋಸ ಹೋಗುತ್ತೀರಿ.

ಮ್ಯಾಗ್ನೆಟ್ ವಿಷಯ. ಅಂಟಿಕೊಂಡರೆ ಒಳಗೆ ಕಬ್ಬಿಣದಂಥದ್ದು ಏನೋ ಇದೆ, ಅದು ಬೆಳ್ಳಿ ಅಲ್ಲ. ಆದರೆ ಅಂಟಲಿಲ್ಲ ಅಂದರೆ ಬೆಳ್ಳಿ ಅಂತ ಅಲ್ಲ. ತಾಮ್ರ, ಹಿತ್ತಾಳೆ, ಸೀಸ ಯಾವುದೂ ಅಂಟುವುದಿಲ್ಲ. ನನ್ನ ಆ ಸರವೂ ಅಂಟಿರಲಿಲ್ಲ. ಕೊಂಡಿಯೊಳಗೆ ಉಕ್ಕಿನ ಸ್ಪ್ರಿಂಗ್ ಇದ್ದರೆ ಅದು ಮಾತ್ರ ಎಳೆಯಬಹುದು, ಗಾಬರಿ ಬೇಡ. ಇನ್ನು ಕಪ್ಪಾಗುವುದು. ಅದು ನಿಜವಾದ ಬೆಳ್ಳಿಯ ಗುಣವೇ. ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಗೆ ಸೇರಿ ಮೇಲೆ ಕಪ್ಪು ಪದರ ಕಟ್ಟುತ್ತದೆ. ಕಪ್ಪೇ ಆಗದ ಬೆಳ್ಳಿಯ ಮೇಲೆ ರೋಡಿಯಂ ಅನ್ನುವ ಬಿಳಿ ಲೋಹದ ಲೇಪ ಇರಬಹುದು.

ಯಂತ್ರದಲ್ಲಿ ಒಂದು ನಿಮಿಷದಲ್ಲಿ ನೋಡಿ ಹೇಳುತ್ತಾರಲ್ಲ, ಆ ಎಕ್ಸ್-ರೇ ಯಂತ್ರ ಒಳ್ಳೆಯದೇ. ಆದರೆ ಅದು ಮೇಲಿನ ತೆಳು ಪದರವನ್ನಷ್ಟೇ ಓದುತ್ತದೆ. ಲೇಪ ದಪ್ಪ ಇದ್ದರೆ ಲೇಪವನ್ನೇ ಓದಿ ಬೆಳ್ಳಿ ಅಂದುಬಿಡಬಹುದು. ಅನುಮಾನ ಇದ್ದರೆ ಕಾಣದ ಜಾಗದಲ್ಲಿ ಸ್ವಲ್ಪ ಅರ ಹಾಕಿಸಿ ನೋಡಿಸಿ. ಪೂರ್ತಿ ಖಚಿತ ಬೇಕಾದರೆ ಪ್ರಯೋಗಾಲಯದಲ್ಲಿ ಲೋಹದ ಚೂರನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಉಪ್ಪುನೀರು ಹಾಕುತ್ತಾರೆ. ಬೆಳ್ಳಿಯೆಲ್ಲ ಮೊಸರಿನ ಹಾಗೆ ಬೆಳ್ಳಗೆ ಒಡೆದು ಕೆಳಗೆ ಕೂರುತ್ತದೆ. ಎಷ್ಟು ಉಪ್ಪುನೀರು ಬೇಕಾಯಿತು ಅನ್ನುವುದರ ಮೇಲೆ ಲೆಕ್ಕ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗೇ-ಲುಸಾಕ್ 1830ರ ದಶಕದಲ್ಲಿ ತಂದ ಕ್ರಮ ಇದು. ಬೆಳ್ಳಿಯನ್ನು ಬೆಂಕಿಯಲ್ಲಿ ಪುಟಕ್ಕಿಟ್ಟು ನೋಡಿದರೆ ಸ್ವಲ್ಪ ಬೆಳ್ಳಿಯೇ ಹಾಳಾಗಿ ಲೆಕ್ಕ ತಪ್ಪುತ್ತದೆ, ಈ ಉಪ್ಪುನೀರಿನ ಕ್ರಮದಲ್ಲಿ ಆ ತೊಂದರೆ ಇಲ್ಲ.

ಆನ್‌ಲೈನಲ್ಲಿ ಕೊಳ್ಳುವವರು ಮುದ್ರೆಯ ಹತ್ತಿರದ ಫೋಟೋ ಕೇಳಿ. ಕಂಪನಿಯ ಮಾದರಿ ಚಿತ್ರ ಬೇಡ, ನಿಮಗೆ ಬರುವ ವಸ್ತುವಿನದೇ ಬೇಕು. ಬಿಲ್‌ನಲ್ಲಿ ಬೆಳ್ಳಿ ಅನ್ನುವ ಪದ, ಶುದ್ಧತೆಯ ಅಂಕಿ, ಕಲ್ಲು ಬಿಟ್ಟು ಲೋಹದ ತೂಕ, ಮೂರೂ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ನಾನಾದರೆ ಕೊಳ್ಳುವುದಿಲ್ಲ.

ಅಕ್ಕ, ಈಗ ನಿಮ್ಮ ಉಂಗುರವನ್ನು ಕಿಟಕಿಯ ಹತ್ತಿರ ತೆಗೆದುಕೊಂಡು ಹೋಗಿ, ಬೆಳಕು ಪಕ್ಕದಿಂದ ಬೀಳುವ ಹಾಗೆ ಹಿಡಿದು ಒಳಭಾಗವನ್ನು ಒಂದು ಸುತ್ತು ಪೂರ್ತಿ ನೋಡಿ. 925ರ ಪಕ್ಕದಲ್ಲಿ ಬೇರೆ ಗುರುತು ಇದೆಯಾ, ಅಥವಾ ಅಂಕಿ ಒಂದೇ ಇದೆಯಾ? ಎರಡು ಮೂರು ಕಡೆಯಿಂದ ಫೋಟೋ ತೆಗೆದು ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ. ಕಲ್ಲಿಲ್ಲದ ಉಂಗುರ ಆದರೆ ಅದರ ತೂಕ, ನೀರಿನಲ್ಲಿ ಇಳಿಬಿಟ್ಟಾಗ ತಕ್ಕಡಿ ತೋರಿಸಿದ ಅಂಕಿ, ಎರಡನ್ನೂ ಜೊತೆಗೆ ಕಳಿಸಿ.