ಸ್ಟೀವ್ ಇರ್ವಿನ್ ಸತ್ತಾಗ ಕೆಲವರು ಅತ್ತರು, ಕೆಲವರು ‘ಆಗಲೇಬೇಕಿತ್ತು’ ಅಂದರು: ವನ್ಯಜೀವಿ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದಿಂದ): ನಮಸ್ತೆ ಮೇಡಂ. ಇದು ನಾಯಿ ಬೆಕ್ಕಿನ ಪ್ರಶ್ನೆ ಅಲ್ಲ, ಬೈಬೇಡಿ. ನನ್ನ ಮಗ ಎಂಟನೇ ಕ್ಲಾಸು. ರಜೆ ಶುರುವಾದಾಗಿನಿಂದ ಸ್ಟೀವ್ ಇರ್ವಿನ್‌ನ ಹಳೇ ವಿಡಿಯೊಗಳನ್ನೇ ನೋಡುತ್ತಿದ್ದಾನೆ. ಅದೇ, ಖಾಕಿ ಚಡ್ಡಿ ಹಾಕಿಕೊಂಡು ಮೊಸಳೆ ಮೇಲೆ ಹಾರುತ್ತಿದ್ದ ಆಸ್ಟ್ರೇಲಿಯಾದವನು. 2006ರಲ್ಲಿ ಅವನು ಸತ್ತ ಸುದ್ದಿ ಬಂದಾಗ ನಾನು ಪಿಯುಸಿ. ಹಾಸ್ಟೆಲ್ ಟಿವಿ ಮುಂದೆ ಕೂತು ಅತ್ತಿದ್ದೆ, ಗೆಳತಿಯರು ನಕ್ಕಿದ್ದರು. ನಮ್ಮ ಮನೆಯವರು ಮಾತ್ರ ‘ಹಾವು ಆಡಿಸೋನು ಹಾವಿಂದಲೇ ಸಾಯೋದು, ಅದರಲ್ಲಿ ಅಳೋದೇನಿದೆ’ ಅನ್ನುತ್ತಾರೆ. ಮೊನ್ನೆ ಮಗ ಕಮೆಂಟುಗಳನ್ನು ಓದಿ, ‘ಅಮ್ಮಾ, ಒಳ್ಳೆಯವನು ಸತ್ತರೆ ಇವರೆಲ್ಲ ಯಾಕೆ ಬೈತಾರೆ?’ ಅಂತ ಕೇಳಿದ. ಏನು ಹೇಳಲಿ? ಅವನಿಗೆ ಹಾವು ಹಿಡಿಯೋ ಆಸೆ ಬೇರೆ ಶುರುವಾಗಿದೆ.

ಉತ್ತರ (ಪಶುವೈದ್ಯೆ, ವನ್ಯಜೀವಿ ಚಿಕಿತ್ಸೆ): ಬೈಯಲ್ಲ. ನಾನೂ ಆ ಕಾರ್ಯಕ್ರಮ ನೋಡಿಕೊಂಡೇ ಬೆಳೆದವಳು.

ಮೊದಲು ಆ ದಿನ ಏನಾಯಿತು ಅನ್ನೋದನ್ನು ಮಗನಿಗೆ ಸರಿಯಾಗಿ ಹೇಳಿ. ಅರ್ಧ ಜಗಳ ಹುಟ್ಟಿದ್ದೇ ಅದು ಗೊತ್ತಿಲ್ಲದೆ. 2006ರ ಸೆಪ್ಟೆಂಬರ್ 4, ಸೋಮವಾರ. ಕ್ವೀನ್ಸ್‌ಲ್ಯಾಂಡಿನ ಪೋರ್ಟ್ ಡಗ್ಲಾಸ್ ಹತ್ತಿರದ ಬ್ಯಾಟ್ ರೀಫ್. ಸಮುದ್ರದ ಅಪಾಯಕಾರಿ ಜೀವಿಗಳ ಬಗ್ಗೆ ಶೂಟಿಂಗ್‌ಗೆ ಹೋಗಿದ್ದರು. ಹವಾಮಾನ ಕೆಟ್ಟು ಕೆಲಸ ನಿಂತಿತ್ತು. ಸುಮ್ನೆ ಕೂರೋದು ಅವನ ಜಾಯಮಾನ ಅಲ್ಲ. ಮಗಳು ನಡೆಸಿಕೊಡುವ ಮಕ್ಕಳ ಟಿವಿ ಕಾರ್ಯಕ್ರಮಕ್ಕೆ ಒಂದೆರಡು ದೃಶ್ಯ ಸಿಗಬಹುದು ಅಂತ ಎದೆಮಟ್ಟದ ನೀರಿಗೆ ಇಳಿದ. ಅಲ್ಲಿ ಒಂದು ದೊಡ್ಡ ಸ್ಟಿಂಗ್‌ರೇ, ನಮ್ಮ ಕರಾವಳಿಯವರ ತೊರಕೆ ಮೀನು, ಕಂಡಿತು. ಅದನ್ನು ಹಿಡಿಯಲು ಹೋಗಿರಲಿಲ್ಲ, ಅದರ ಮೇಲೆ ಹಾರಿರಲೂ ಇಲ್ಲ. ಅದು ಈಜಿಕೊಂಡು ಹೋಗೋ ದೃಶ್ಯ ಬೇಕಿತ್ತು, ಅಷ್ಟೇ. ಇವನು ಹಿಂದೆ, ಕ್ಯಾಮೆರಾದವನು ಮುಂದೆ. ಆ ಮೀನು ಮುಂಭಾಗ ಎತ್ತಿ ಬಾಲ ಬೀಸಿತು. ಬಾಲದ ಮುಳ್ಳು ಎದೆಗೆ ಹೊಕ್ಕಿತು. ದೋಣಿಯಲ್ಲಿ ಲೋ ಐಲ್ಸ್ ದ್ವೀಪಕ್ಕೆ ತರುತ್ತಾ ಎದೆ ಒತ್ತಿದರು, ಉಳಿಸಲು ಆಗಲಿಲ್ಲ. 44 ವರ್ಷ. ಹಿಂದಿನ ದಿನವಷ್ಟೇ ಆಸ್ಟ್ರೇಲಿಯಾದಲ್ಲಿ ಅಪ್ಪಂದಿರ ದಿನ. ಹೆಂಡತಿ ಟೆರ್ರಿ ಮಕ್ಕಳ ಜೊತೆ ಟ್ಯಾಸ್ಮೇನಿಯಾದಲ್ಲಿದ್ದರು.

ನೋಡಿ, ಹಾವು ಆಡಿಸೋನ ಮಾತು ಇಲ್ಲಿ ಕೂರೋದೇ ಇಲ್ಲ. ಒಂಬತ್ತನೇ ವಯಸ್ಸಿನಿಂದ ಅಪ್ಪನ ಜೊತೆ ಮೊಸಳೆ ಹಿಡಿದವನು ಮೊಸಳೆಯಿಂದ ಸಾಯಲಿಲ್ಲ. ಸಾಮಾನ್ಯವಾಗಿ ಮನುಷ್ಯನನ್ನು ಕಂಡರೆ ಸರಿದುಹೋಗುವ ಮೀನಿನಿಂದ ಸತ್ತ. ತೊರಕೆ ಚುಚ್ಚಿ ಜನ ನರಳೋದು ಮಾಮೂಲು, ಸಾಯೋದು ತುಂಬಾ ಅಪರೂಪ.

ಇನ್ನು ಜನರ ವಿಷಯ. ಬೀರ್ವಾದಲ್ಲಿರುವ ಅವರ ಆಸ್ಟ್ರೇಲಿಯಾ ಜೂ ಗೇಟಿನ ಮುಂದೆ ಹೂವಿನ ರಾಶಿ ಬಿತ್ತು. ಜನ ಖಾಕಿ ಅಂಗಿಗಳ ಮೇಲೆ ಸಂದೇಶ ಬರೆದು ಬೇಲಿಗೆ ನೇತುಹಾಕಿದರು. ಆಗಿನ ಪ್ರಧಾನಿ ಜಾನ್ ಹೋವರ್ಡ್ ಸಂತಾಪ ಹೇಳಿದರು. ಸರ್ಕಾರಿ ಗೌರವದ ಅಂತ್ಯಕ್ರಿಯೆ ಮಾಡೋಣ ಅಂದಾಗ ಅಪ್ಪ ಬಾಬ್ ಬೇಡ ಅಂದರು. ತನ್ನನ್ನು ಸಾಮಾನ್ಯ ಮನುಷ್ಯನಾಗಿಯೇ ನೆನೆಯಬೇಕು ಅಂತ ಮಗ ಬಯಸುತ್ತಿದ್ದ ಅನ್ನೋದು ಅವರ ಮಾತು. ಅದೇ ವಾರ ಜರ್ಮೇನ್ ಗ್ರೀರ್ ಎಂಬ ಆಸ್ಟ್ರೇಲಿಯಾದ ಪ್ರಸಿದ್ಧ ಲೇಖಕಿ, ಪ್ರಾಣಿಲೋಕ ಕೊನೆಗೂ ಸೇಡು ತೀರಿಸಿಕೊಂಡಿತು ಅನ್ನೋ ಅರ್ಥದಲ್ಲಿ ಬ್ರಿಟನ್ನಿನ ಪತ್ರಿಕೆಗೆ ಬರೆದರು. ಇಡೀ ದೇಶ ಅವರ ಮೇಲೆ ಮುಗಿಬಿತ್ತು.

ಗ್ರೀರ್ ಎತ್ತಿದ ಪ್ರಶ್ನೆ ಪೂರ್ತಿ ಸುಳ್ಳಲ್ಲ. ಪ್ರಾಣಿಗೆ ಅದರದೇ ಜಾಗ ಬೇಕು, ನೋಡುಗರ ಖುಷಿಗೆ ಅದನ್ನು ಹಿಡಿದು ಎತ್ತಿ ತೋರಿಸೋದು ಸರಿಯೇ ಅನ್ನೋದು ನಮ್ಮ ಕೆಲಸದಲ್ಲಿ ದಿನವೂ ಬರೋ ಪ್ರಶ್ನೆ. ಆದರೆ ‘ಸೇಡು’ ಅನ್ನೋ ಮಾತನ್ನು ನಾನು ಒಪ್ಪಲ್ಲ. ತೊರಕೆಯನ್ನು ಟೈಗರ್ ಶಾರ್ಕ್ ತಿನ್ನುತ್ತದೆ. ಮೇಲೆ ಒಂದು ನೆರಳು ಬಂತು, ಹೆದರಿತು, ಬಾಲ ಬೀಸಿತು. ಸೇಡು ಇಟ್ಟುಕೊಳ್ಳೋರು ನಾವು. ಬೇಕಾದರೆ ನೋಡಿ: ಆಮೇಲಿನ ದಿನಗಳಲ್ಲಿ ಕ್ವೀನ್ಸ್‌ಲ್ಯಾಂಡಿನ ಬೀಚುಗಳಲ್ಲಿ ಕಡಿಮೆ ಅಂದರೂ ಹತ್ತು ಸ್ಟಿಂಗ್‌ರೇಗಳು ಸತ್ತು ಬಿದ್ದಿದ್ದವು. ಕೆಲವಕ್ಕೆ ಬಾಲ ಕತ್ತರಿಸಿದ್ದರು. ಅಭಿಮಾನಿಗಳದೇ ಕೆಲಸ ಇರಬೇಕು ಅಂತ ಅನುಮಾನ ಬಂತು. ಸ್ಟೀವ್‌ಗೆ ಇದು ಖಂಡಿತ ಇಷ್ಟವಾಗುತ್ತಿರಲಿಲ್ಲ ಅಂತ ಅವನೇ ಕಟ್ಟಿದ ಸಂಸ್ಥೆಯವರು ಬೇಡಿಕೊಳ್ಳಬೇಕಾಯಿತು. ಇಡೀ ಕಥೆಯಲ್ಲಿ ನನಗೆ ಹೊಟ್ಟೆ ಕಿವುಚಿದ್ದು ಇದೇ.

ಬೈಯೋರ ಬಗ್ಗೆ ಮಗನಿಗೆ ಹೀಗೆ ಹೇಳಿ. ಊರಲ್ಲಿ ಯಾರಿಗಾದರೂ ಹಾವು ಕಚ್ಚಿ ಸತ್ತರೆ, ಆ ಮನೆ ಜಗಲಿ ಮೇಲೆ ಮೊದಲು ಬರೋ ಮಾತು ಯಾವುದು? ‘ಟಾರ್ಚ್ ಇಲ್ಲದೆ ಯಾಕೆ ಗದ್ದೆಗೆ ಹೋದ?’ ಹೆಣ ಇನ್ನೂ ಒಳಗಿರುತ್ತದೆ. ಹಾಗೆ ಕೇಳೋರು ಕೆಟ್ಟವರಲ್ಲ, ಹೆದರಿರುತ್ತಾರೆ. ತಪ್ಪು ಅವನದು ಅಂತ ಗೊತ್ತಾದರೆ, ನಾವು ಟಾರ್ಚ್ ಹಿಡಿದರೆ ಸಾಕು, ಬದುಕುತ್ತೇವೆ ಅಂತ ಧೈರ್ಯ. ನಿಮ್ಮೆಜಮಾನರ ಮಾತೂ ಆ ಜಗಲಿ ಮಾತೇ. ಜಗಳ ಆಡಬೇಡಿ.

ಹಾಗಂತ ಇರ್ವಿನ್ ಮಾಡಿದ್ದೆಲ್ಲ ಸರಿ ಅನ್ನೋಕಾಗಲ್ಲ. 2004ರ ಜನವರಿಯಲ್ಲಿ ಒಂದು ತಿಂಗಳ ಮಗನನ್ನು ಒಂದು ಕೈಲಿ ಹಿಡಿದು ಇನ್ನೊಂದು ಕೈಲಿ ಮೊಸಳೆಗೆ ಕೋಳಿ ಕೊಟ್ಟಿದ್ದ. ಮಗುವಿಗೆ ಅಪಾಯ ಇರಲಿಲ್ಲ ಅಂತ ವಾದಿಸಿದ. ಇದ್ದಿರಲಿಕ್ಕಿಲ್ಲ, ಆದರೂ ಅದು ತಪ್ಪೇ. ಕಾಲು ಜಾರೋದಕ್ಕೆ ಮೊಸಳೆ ಜ್ಞಾನ ಅಡ್ಡ ಬರಲ್ಲ.

ಹಾವು ಹಿಡಿಯೋ ಆಸೆಗೆ ಬರೋಣ. ಕೆಲವು ವರ್ಷದ ಹಿಂದೆ ಒಂದು ನಾಗರಹಾವನ್ನು ಪ್ಲಾಸ್ಟಿಕ್ ಡಬ್ಬದಲ್ಲಿ ನನ್ನ ಹತ್ತಿರ ತಂದರು. ಹಿಡಿದ ಹುಡುಗ ಬಾಲ ಹಿಡಿದು ಹತ್ತು ನಿಮಿಷ ನೇತಾಡಿಸಿ ವಿಡಿಯೊ ಮಾಡಿಸಿಕೊಂಡಿದ್ದ. ಟೇಬಲ್ ಮೇಲೆ ಬಿಟ್ಟರೆ ಮುಂದಿನ ಅರ್ಧ ಹರಿಯುತ್ತಿತ್ತು, ಹಿಂದಿನ ಅರ್ಧ ಹಗ್ಗದ ಥರ ಎಳೆದುಕೊಂಡು ಬರುತ್ತಿತ್ತು. ಬೆನ್ನುಮೂಳೆಗೆ ಪೆಟ್ಟು. ಮೂರನೇ ದಿನ ಸತ್ತಿತು. ಬಾಲ ಹಿಡಿದು ಎತ್ತೋದನ್ನು ಇರ್ವಿನ್ ಕೂಡ ಟಿವಿಯಲ್ಲಿ ತುಂಬಾ ಮಾಡುತ್ತಿದ್ದ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಸತ್ತಿದ್ದಾರೆ ಅಂತ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಮಗನಿಗೆ ಮೊದಲು ಹಾವು ಗುರುತಿಸೋದು ಕಲಿಸಿ. ವಿಷದ ಕಟ್ಟುಹಾವು ಯಾವುದು, ನೋಡೋಕೆ ಅದರ ಥರಾನೇ ಇರೋ ವಿಷವಿಲ್ಲದ ತೋಳದ ಹಾವು ಯಾವುದು ಅಂತ ಪುಸ್ತಕ ನೋಡಿ ತಪ್ಪಿಲ್ಲದೆ ಹೇಳಲಿ. ಹಿಡಿಯೋ ಮಾತು ಆಮೇಲೆ.

ಪ್ರಶ್ನೆ (ತೀರ್ಥಹಳ್ಳಿಯಿಂದ): ಮೇಡಂ, ಸ್ವಲ್ಪ ಬೇಜಾರಾಯ್ತು. ನಾನು ಹದಿನೈದು ವರ್ಷದಿಂದ ಹಾವು ಹಿಡಿದು ಬಿಡುತ್ತಿದ್ದೇನೆ. ಇರ್ವಿನ್‌ನ ನೋಡಿಯೇ ಶುರುಮಾಡಿದ್ದು. ಅವನಿಲ್ಲದಿದ್ದರೆ ನನ್ನಂಥವರು ಹಾವು ಕಂಡರೆ ದೊಣ್ಣೆ ಹುಡುಕುತ್ತಿದ್ದೆವು. ಅದನ್ನು ನೀವು ಹೇಳಲೇ ಇಲ್ಲ.

ಉತ್ತರ: ಒಪ್ಪಿದೆ, ಅದು ನನ್ನ ತಪ್ಪು. ಹುಲಿ, ಆನೆಯನ್ನು ಪ್ರೀತಿಸೋದು ಸುಲಭ. ಮೊಸಳೆ, ಹಾವನ್ನು ‘ಎಷ್ಟು ಚೆಂದ ಇದೆ ನೋಡಿ’ ಅಂತ ನೂರಕ್ಕೂ ಹೆಚ್ಚು ದೇಶದ ಜನರ ಮುಂದೆ ಕೂಗಿ ಹೇಳಿದವನು ಅವನೇ. ಬಂದ ದುಡ್ಡಲ್ಲಿ ಜಮೀನು ಕೊಂಡು ಕಾಡಾಗಿಯೇ ಬಿಟ್ಟ. ಅಪ್ಪ ಮಗ ಸೇರಿ ಪತ್ತೆ ಮಾಡಿದ ಒಂದು ಆಮೆಗೆ ಇರ್ವಿನ್ ಹೆಸರೇ ಇದೆ. ನಿಮಗೆ ಒಂದೇ ಮಾತು: ಬಾಲ ಎತ್ತಬೇಡಿ. ಕೊಕ್ಕೆ, ಪೈಪು, ಚೀಲ ಬಳಸಿ. ನಿಮ್ಮ ಪಕ್ಕದ ಆಗುಂಬೆಯಲ್ಲೇ ಹಾವಿನ ತಜ್ಞ ರೊಮುಲಸ್ ವಿಟೇಕರ್ 2005ರಲ್ಲಿ ಶುರುಮಾಡಿದ ಸಂಶೋಧನಾ ಕೇಂದ್ರ ಇದೆ. ಕಾಳಿಂಗವನ್ನೂ ಅಲ್ಲಿಯವರು ಹಾಗೆಯೇ ಚೀಲಕ್ಕೆ ಇಳಿಸೋದು. ಮತ್ತೆ ಹಾವಿನ ಜೊತೆ ಫೋಟೊ ಬೇಡ. ಬೇಜಾರು ಮಾಡ್ಕೋಬೇಡಿ, ಇದನ್ನು ಎಲ್ಲರಿಗೂ ಹೇಳ್ತೀನಿ.

ಪ್ರಶ್ನೆ (ಮಲ್ಪೆಯಿಂದ): ಡಾಕ್ಟ್ರೇ, ನಮ್ಮಲ್ಲಿ ತೊರಕೆ ಪುಳಿಮುಂಚಿ ಅಂದರೆ ಜೀವ ಬಿಡ್ತಾರೆ, ಹಾಗಂತ ಹೀಗೆ ಬಿಡೋದಲ್ಲ 😀 ಬಲೆಯಲ್ಲಿ ಬಂದ ಕೂಡಲೇ ಬಾಲ ಕಡಿದು ಬಿಸಾಡುವುದು ರೂಢಿ. ನನ್ನ ಮಾವನಿಗೆ ಒಮ್ಮೆ ಕಾಲಿಗೆ ಚುಚ್ಚಿ ಇಡೀ ರಾತ್ರಿ ಕಿರುಚಿದ್ದರು. ಏನು ಮಾಡಬೇಕು?

ಉತ್ತರ: ಕೈಗೋ ಕಾಲಿಗೋ ಚುಚ್ಚಿದರೆ, ತಡೆಯುವಷ್ಟು ಬಿಸಿ ಇರುವ ನೀರಲ್ಲಿ, ಸುಮಾರು 45 ಡಿಗ್ರಿ, ಒಂದು ಗಂಟೆಯವರೆಗೆ ಮುಳುಗಿಸಿಡಿ. ನೋವು ಚೆನ್ನಾಗಿ ಇಳಿಯುತ್ತದೆ. ನೀರಿನ ಬಿಸಿಯನ್ನು ಚುಚ್ಚದೇ ಇರೋ ಕೈಯಲ್ಲಿ ನೋಡಿ, ಇಲ್ಲದಿದ್ದರೆ ಸುಟ್ಟುಕೊಳ್ಳುತ್ತೀರಿ. ಆಮೇಲೆ ಆಸ್ಪತ್ರೆ, ಟಿಟಿ ಇಂಜೆಕ್ಷನ್, ಮುಳ್ಳಿನ ಚೂರು ಉಳಿದಿದೆಯಾ ಅಂತ ಪರೀಕ್ಷೆ. ಎದೆಗೆ, ಹೊಟ್ಟೆಗೆ, ಕುತ್ತಿಗೆಗೆ ಹೊಕ್ಕಿದ್ದರೆ ಮುಳ್ಳನ್ನು ಕೀಳಲೇಬೇಡಿ, ಹಾಗೇ ಕರೆದುಕೊಂಡು ಓಡಿ. ಆ ಮುಳ್ಳಿಗೆ ಗರಗಸದ ಹಲ್ಲಿದೆ, ಹೊರಗೆ ಬರುವಾಗ ಇನ್ನಷ್ಟು ಹರಿಯುತ್ತದೆ. ನೀರೊಳಗಿನ ಮರಳಲ್ಲಿ ನಡೆಯುವಾಗ ಕಾಲು ಎತ್ತಿ ಇಡದೆ ಎಳೆದುಕೊಂಡು ನಡೆಯಿರಿ. ಸದ್ದಾದರೆ ಅದೇ ಸರಿದುಕೊಳ್ಳುತ್ತದೆ.

ಬ್ರಿಸ್ಬೇನಿನಿಂದ ಒಬ್ಬರು: ಆ ಜೂ ನಮ್ಮಿಂದ ಒಂದು ಗಂಟೆ ದಾರಿ. 2006ರ ಸೆಪ್ಟೆಂಬರ್ 20ರ ಶ್ರದ್ಧಾಂಜಲಿಯನ್ನು ಟಿವಿಯಲ್ಲಿ ನೋಡಿದ್ದೆ. ಎಂಟು ವರ್ಷದ ಮಗಳು ಬಿಂಡಿ ಐದು ಸಾವಿರ ಜನರ ಮುಂದೆ ನಿಂತು, ಚೀಟಿ ನೋಡಿಕೊಂಡು, ಅಪ್ಪನೇ ನನ್ನ ಹೀರೊ ಅಂದಳು. ಕೊನೆಗೆ ಅವನ ಗಾಡಿಗೆ ಸಾಮಾನು ತುಂಬಿಸಿ, ಯಾವುದೋ ಶೂಟಿಂಗ್‌ಗೆ ಹೊರಟಹಾಗೆ, ಹೊರಗೆ ಓಡಿಸಿಕೊಂಡು ಹೋದರು. ಅಚ್ಚರಿಯಾದಾಗ ಅವನು ಯಾವಾಗಲೂ ಹೇಳುತ್ತಿದ್ದ ‘ಕ್ರೈಕಿ’ಯನ್ನು ನೆಲದ ಮೇಲೆ ಹಳದಿ ಹೂವಲ್ಲಿ ಬರೆದಿದ್ದರು. ನಮ್ಮತ್ತೆ ಆಗ ಇಲ್ಲಿಗೆ ಬಂದಿದ್ದರು. ಇಂಗ್ಲಿಷ್ ಒಂದಕ್ಷರ ಬರಲ್ಲ. ಆ ಮಗೂನ ನೋಡಿ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದರು.

ಪ್ರಶ್ನೆ (ಮತ್ತೆ ಹಾಸನದಿಂದ): ಥ್ಯಾಂಕ್ಸ್ ಮೇಡಂ, ಎಲ್ಲ ಓದಿ ಹೇಳಿದೆ. ಹಾವಿನ ಪುಸ್ತಕ ಬೇಕಂತೆ. ಇನ್ನೆರಡು ಪ್ರಶ್ನೆ ಅವನದು. ಸತ್ತಿದ್ದರ ವಿಡಿಯೊ ನಿಜವಾಗಿ ಇದೆಯಾ? ಮತ್ತೆ, ಆ ಮೀನು ಏನಾಯ್ತು?

ಉತ್ತರ: ವಿಡಿಯೊ ಎಲ್ಲೂ ಪ್ರಸಾರ ಆಗಲಿಲ್ಲ, ಕಾಪಿಗಳನ್ನು ನಾಶ ಮಾಡಿದರು. ಈಗ ಓಡಾಡೋದೆಲ್ಲ ನಕಲಿ, ಒತ್ತಬೇಡ ಅಂತ ಹೇಳಿ. ಮೀನಿನ ಬಗ್ಗೆ ಕ್ಯಾಮೆರಾದವನು 2014ರಲ್ಲಿ ಒಂದು ಸಂದರ್ಶನದಲ್ಲಿ ಹೇಳಿದ್ದ. ಏನಾಗಿದೆ ಅಂತ ಅವನಿಗೆ ಗೊತ್ತೇ ಆಗಿರಲಿಲ್ಲ. ಅದು ಹೋದ ಕಡೆಗೇ ಕ್ಯಾಮೆರಾ ತಿರುಗಿಸಿಕೊಂಡು ಶೂಟ್ ಮಾಡುತ್ತಿದ್ದ. ಅದು ಈಜಿಕೊಂಡು ಹೋಯಿತು.